ಯಕೃತ್ತಿನ ಲೆಕ್ಕಪತ್ರ: ಓದುವವರು ಯಾರು?

ನಮ್ಮ ಸಂಘದ ವಾರ್ಷಿಕ ಸ್ಮರಣ ಸಂಚಿಕೆಗೆ ಆರೋಗ್ಯ ವಿಷಯದ ಮೇಲೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಹಿಂಜರಿದೆನು. ನಾನು ವೈದ್ಯನಲ್ಲ. ವಾಣಿಜ್ಯಶಾಸ್ತ್ರದ ಪದವೀಧರ, ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನಲ್ಲಿ ಲೆಕ್ಕ ನೋಡುವುದೇ ನನ್ನ ವೃತ್ತಿ. ಆದರೆ ಲೆಕ್ಕ ನೋಡುವವನಾಗಿಯೇ ನಾನು ಮಾಡಿದ ಒಂದು ಪ್ರಮಾದವು ನನ್ನ ಮನಸ್ಸನ್ನು ಇಂದಿಗೂ ಕೊರೆಯುತ್ತಿದೆ. ಅದನ್ನು ಮರೆಮಾಚದೆ ಹೇಳಿಕೊಂಡರೆ ಕೆಲವರಿಗಾದರೂ ಪ್ರಯೋಜನವಾದೀತೆಂಬ ನಂಬಿಕೆಯಿಂದ ಈ ಬರಹಕ್ಕೆ ಕೈಹಾಕಿದ್ದೇನೆ. ಇಲ್ಲಿರುವ ವೈದ್ಯಕೀಯ ಸಂಗತಿಗಳು ನಾನು ಬಲ್ಲವರಿಂದ ಕೇಳಿ, ಓದಿ ತಿಳಿದವು; ಅಭಿಪ್ರಾಯಗಳು ಮಾತ್ರ ನನ್ನವು.

ಒಂದು ಬಿಲ್ಲಿನ ಕಥೆ

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಖೆಯಲ್ಲಿ ಬೀದರ ಜಿಲ್ಲೆಯ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಶುದ್ಧ ಸಸ್ಯಾಹಾರಿಗಳು, ವೀಳ್ಯದೆಲೆಯ ಹೊರತು ಬೇರೆ ಚಟವಿಲ್ಲದವರು. ಸಕ್ಕರೆ ಕಾಯಿಲೆಯಿತ್ತು, ಅದಕ್ಕೆ ಮಾತ್ರೆ ನುಂಗುತ್ತಿದ್ದರು. ಪ್ರತಿವರ್ಷವೂ ಬ್ಯಾಂಕಿನ ಸೌಲಭ್ಯದಂತೆ ದೇಹಪರೀಕ್ಷೆ ಮಾಡಿಸಿ, ವರದಿಯನ್ನು ಬಿಲ್ಲಿಗೆ ಲಗತ್ತಿಸಿ ಮರುಪಾವತಿಗಾಗಿ ನನ್ನ ಮೇಜಿಗೆ ಕಳುಹಿಸುತ್ತಿದ್ದರು. ಮೂರು ವರ್ಷ ಆ ಬಿಲ್ಲುಗಳನ್ನು ಪಾಸು ಮಾಡಿದವನು ನಾನೇ. ಮೊತ್ತ ಸರಿಯಿದೆಯೇ, ರಸೀದಿಯ ಮೇಲೆ ಮೊಹರು ಇದೆಯೇ, ದಿನಾಂಕ ಹೊಂದುತ್ತದೆಯೇ ಎಂಬುದನ್ನೆಲ್ಲ ನೋಡಿ ಸಹಿ ಹಾಕಿದೆನು. ಲಗತ್ತಿಸಿದ ಹಾಳೆಯಲ್ಲಿ ಎಸ್.ಜಿ.ಪಿ.ಟಿ. ಎಂಬುದರ ಮುಂದೆ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯೂ ಅದರ ಪಕ್ಕದ ನಕ್ಷತ್ರ ಚಿಹ್ನೆಯೂ ನನ್ನ ಕಣ್ಣಿಗೆ ಬಿದ್ದಿದ್ದವು. ಒಮ್ಮೆ ಕೇಳಿದ್ದೆ ಕೂಡ. ಅವರು ನಕ್ಕು, "ಅದು ಮೂರು ವರ್ಷದಿಂದ ಹಂಗೇ ಅದ ಬಿಡ್ರಿ ಸಾಹೇಬ್ರ, ನನಗೇನೂ ತ್ರಾಸಿಲ್ಲ" ಎಂದರು. ನಾನೂ ಬಿಟ್ಟೆನು.

ಮರುವರ್ಷ ಬಂಧುಗಳ ಮದುವೆಯ ಮನೆಯಲ್ಲಿ ಅವರು ರಕ್ತ ವಾಂತಿ ಮಾಡಿಕೊಂಡರು. ಆಸ್ಪತ್ರೆಯಲ್ಲಿ ತಿಳಿದದ್ದು ಯಕೃತ್ತು ಗಟ್ಟಿಯಾಗಿ ಗಂಟುಗಂಟಾಗಿದೆಯೆಂದು. ವೈದ್ಯರ ಭಾಷೆಯಲ್ಲಿ ಸಿರೋಸಿಸ್. ಹನ್ನೊಂದು ತಿಂಗಳಲ್ಲಿ ಅವರು ತೀರಿಕೊಂಡರು. ದಿನಕರ್ಮದ ದಿನ ಅವರ ಮಗ, ಕಾಲೇಜಿನಲ್ಲಿ ಓದುವ ಹುಡುಗ, ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದನು: "ಕಾಕಾ, ಅಪ್ಪ ನಮಗ ಗೊತ್ತಿಲ್ಲದಂಗ ಕುಡೀತಿದ್ರೇನ್ರಿ? ಮಂದಿ ಹಂಗ ಅನ್ನಾಕ್ಹತ್ಯಾರ."

ಆ ಪ್ರಶ್ನೆಗೆ ಉತ್ತರ ನನ್ನಲ್ಲಿತ್ತು. "ಇಲ್ಲಪ್ಪ, ಒಂದು ತೊಟ್ಟೂ ಇಲ್ಲ" ಎಂದೆನು. ಆದರೆ ಅವನು ಕೇಳದಿದ್ದ ಇನ್ನೊಂದು ಪ್ರಶ್ನೆಗೆ, ಮೂರು ವರ್ಷ ಆ ಕಾಗದವನ್ನು ಕಂಡವರೆಲ್ಲ ಏನು ಮಾಡಿದಿರಿ ಎಂಬುದಕ್ಕೆ, ನನ್ನಲ್ಲಿ ಉತ್ತರವಿರಲಿಲ್ಲ.

ಆ ನಕ್ಷತ್ರದ ಅರ್ಥವೇನು?

ಕಳೆದ ವರ್ಷ ಅದೇ ನಕ್ಷತ್ರವು ನನ್ನ ವರದಿಯಲ್ಲಿಯೇ ಮೂಡಿತು. ಎಸ್.ಜಿ.ಪಿ.ಟಿ. 81, ಎಸ್.ಜಿ.ಓ.ಟಿ. 52. ನನ್ನ ವಯಸ್ಸು ಆಗ 46. ಆ ಭಾನುವಾರ ನಮ್ಮ ಮನೆಯಲ್ಲಿ ನಡೆದದ್ದು ಅನೇಕ ವಾಚಕರ ಮನೆಗಳಲ್ಲಿಯೂ ನಡೆದಿರಬಹುದು. ಒಬ್ಬ ಮಿತ್ರರು "ಪಾರ್ಟಿ ಕಡಿಮೆ ಮಾಡಿ" ಎಂದು ಹಾಸ್ಯ ಮಾಡಿದರು. ನೆರೆಮನೆಯವರು ಕಷಾಯದ ಪುಡಿಯೊಂದನ್ನು ತಂದುಕೊಟ್ಟರು. ಮೊಬೈಲಿನಲ್ಲಿ ಹುಡುಕಿದ ಮಗಳು ಕ್ಯಾನ್ಸರಿನವರೆಗೂ ಹೋಗಿ ಕಣ್ಣೀರಿಟ್ಟಳು. ಎಂದೂ ಮದ್ಯ ಮುಟ್ಟದ ನನ್ನ ಮುಖವನ್ನು ನನ್ನ ಪತ್ನಿ ಒಂದು ಕ್ಷಣ ಸಂಶಯದಿಂದ ನೋಡಿದಂತಾಯಿತು. ಆಗ ನನಗೆ ಆ ಬೀದರದ ಹುಡುಗನ ನೆನಪಾಯಿತು. ಮರುದಿನವೇ ವೈದ್ಯರಲ್ಲಿಗೆ ಹೋದೆನು. ಅಲ್ಲಿಂದ ನನ್ನ ವ್ಯಾಸಂಗ ಆರಂಭವಾಯಿತು.

ಯಕೃತ್ತು, ಅಂದರೆ ಪಿತ್ತಜನಕಾಂಗವು, ಬಲಪಕ್ಕೆಯ ಕೆಳಗೆ ಅಡಗಿರುವ ಸುಮಾರು ಒಂದೂವರೆ ಕಿಲೋ ತೂಕದ ಅಂಗ. ಅದರ ಜೀವಕೋಶಗಳ ಒಳಗೆ ಕೆಲವು ಕಿಣ್ವಗಳಿರುತ್ತವೆ. ಕೋಶಕ್ಕೆ ಪೆಟ್ಟು ಬಿದ್ದಾಗ ಅವು ರಕ್ತಕ್ಕೆ ಸೋರುತ್ತವೆ. ಸೋರಿದ್ದನ್ನು ಅಳೆದ ಅಂಕಿಯೇ ನಮ್ಮ ವರದಿಯಲ್ಲಿ ಬರುವುದು. ಎಸ್.ಜಿ.ಪಿ.ಟಿ. ಎಂಬುದನ್ನು ಈಗ ಎ.ಎಲ್.ಟಿ. ಎಂದೂ, ಎಸ್.ಜಿ.ಓ.ಟಿ. ಎಂಬುದನ್ನು ಎ.ಎಸ್.ಟಿ. ಎಂದೂ ಕರೆಯುವರು. ಮೊದಲನೆಯದು ಬಹುಮಟ್ಟಿಗೆ ಯಕೃತ್ತಿನದು. ಎರಡನೆಯದು ಹೃದಯದಲ್ಲಿಯೂ ಸ್ನಾಯುಗಳಲ್ಲಿಯೂ ಇದೆ. 1954-55ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಲಾಡ್ಯೂ, ವ್ರೊಬ್ಲೆವ್ಸ್ಕಿ ಮತ್ತು ಕಾರ್ಮೆನ್ ಅವರು ಎಸ್.ಜಿ.ಓ.ಟಿ.ಯ ಏರಿಕೆಯನ್ನು ಮೊದಲು ಗುರುತಿಸಿದ್ದು ಹೃದಯಾಘಾತವಾದ ರೋಗಿಗಳ ರಕ್ತದಲ್ಲಿ. ಯಕೃತ್ತಿನ ರೋಗದಲ್ಲಿ ಅದರ ಉಪಯೋಗ ತಿಳಿದದ್ದು ಅದರ ಬೆನ್ನಲ್ಲೇ. ಆದ್ದರಿಂದ ಹಿಂದಿನ ದಿನ ವ್ಯಾಯಾಮಶಾಲೆಯಲ್ಲಿ ಭಾರ ಎತ್ತಿ ಮೈನೋವು ಮಾಡಿಕೊಂಡ ತರುಣನ ವರದಿಯಲ್ಲಿಯೂ ಈ ಅಂಕಿಗಳು ಏರಬಹುದು. ಅದು ಯಕೃತ್ತಿನ ರೋಗವಲ್ಲ.

ಇನ್ನು ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿ.ಜಿ.ಟಿ. ಎಂಬ ಎರಡು ಕಿಣ್ವಗಳು ಪಿತ್ತನಾಳದ ಕಡೆಯ ಸುದ್ದಿ ಹೇಳುತ್ತವೆ. ಪಿತ್ತರಸದ ಹರಿವಿಗೆ ಕಲ್ಲಿನಿಂದಲೋ ಬೇರೆ ಕಾರಣದಿಂದಲೋ ಅಡ್ಡಿಯಾದರೆ ಇವು ಏರುತ್ತವೆ. ಆದರೆ ಆಲ್ಕಲೈನ್ ಫಾಸ್ಫಟೇಸ್ ಎಲುಬಿನಲ್ಲಿಯೂ ಇರುವುದರಿಂದ ಬೆಳೆಯುವ ಮಕ್ಕಳಲ್ಲಿ ಅದು ಸಹಜವಾಗಿಯೇ ಹೆಚ್ಚು, ಗರ್ಭಿಣಿಯರಲ್ಲಿಯೂ ಹಾಗೆಯೇ.

ಇಲ್ಲಿ ಒಂದು ಮುಖ್ಯ ಅಂಶವಿದೆ. ಈ ಪರೀಕ್ಷೆಯನ್ನು ಎಲ್ಲರೂ "ಲಿವರ್ ಫಂಕ್ಷನ್ ಟೆಸ್ಟ್" ಎನ್ನುತ್ತಾರೆ. ಆದರೆ ಕಿಣ್ವಗಳು ಯಕೃತ್ತಿನ ಕಾರ್ಯವನ್ನು ಅಳೆಯುವುದಿಲ್ಲ. ಅದಕ್ಕೆ ಆಗುತ್ತಿರುವ ಗಾಯವನ್ನು ಸೂಚಿಸುತ್ತವೆ. ಕಾರ್ಯವನ್ನು ತಿಳಿಯಬೇಕಾದರೆ ಅದೇ ಹಾಳೆಯ ಆಲ್ಬುಮಿನ್, ಬಿಲಿರುಬಿನ್‌ಗಳನ್ನೂ, ರಕ್ತ ಹೆಪ್ಪುಗಟ್ಟುವ ಸಮಯವನ್ನೂ ನೋಡಬೇಕು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಕಿಣ್ವವು ಬಾಕಿ ಬಿದ್ದ ಕಂತುಗಳ ಪಟ್ಟಿ, ಅಢಾವೆ ಪತ್ರಿಕೆಯಲ್ಲ.

ಸರಿಯಿದೆಯೆಂದ ಮಾತ್ರಕ್ಕೆ ಸರಿಯಲ್ಲ

ಬಿ.ಕಾಂ. ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದೆಂದರೆ, ತಾಳೆಪಟ್ಟಿ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲವೆಂದು ಅರ್ಥವಲ್ಲ ಎಂಬುದು. ದಾಖಲೆಗೇ ಬಾರದ ವ್ಯವಹಾರವು ತಾಳೆಪಟ್ಟಿಯಲ್ಲಿ ಕಾಣಿಸುವುದಿಲ್ಲ. ಯಕೃತ್ತಿನ ವಿಷಯದಲ್ಲಿಯೂ ಇದು ಅಕ್ಷರಶಃ ನಿಜ. ಮೇದಸ್ಸು ತುಂಬಿದ ಯಕೃತ್ತಿರುವ ಬಹುಮಂದಿಯ ಕಿಣ್ವಗಳು ಸಹಜ ಮಿತಿಯೊಳಗೇ ಇರುತ್ತವೆ. ಅಷ್ಟೇ ಅಲ್ಲ, ರೋಗ ಬಹಳ ಮುಂದುವರಿದು ಕೋಶಗಳು ನಾರಿನಂತಾಗಿ ಹೋದ ಮೇಲೆ ಸೋರಲು ಕಿಣ್ವವೇ ಹೆಚ್ಚು ಉಳಿಯದೆ ಅಂಕಿ ಇಳಿಯುವುದೂ ಉಂಟು. ಸಾಲವನ್ನೇ ಕೊಡದ ಶಾಖೆಯಲ್ಲಿ ಬಾಕಿಯೂ ಇರುವುದಿಲ್ಲವಷ್ಟೆ!

"ಸಹಜ ಮಿತಿ" ಎಂಬುದಾದರೂ ಏನು? ಆರೋಗ್ಯವಂತರೆಂದು ಭಾವಿಸಿದ ಒಂದು ಗುಂಪಿನ ರಕ್ತವನ್ನು ಅಳೆದು, ನೂರಕ್ಕೆ ತೊಂಬತ್ತೈದು ಮಂದಿ ಯಾವ ಮಿತಿಯೊಳಗೆ ಬರುವರೋ ಅದನ್ನೇ ಸಹಜವೆಂದು ಅಚ್ಚು ಹಾಕುವುದು ವಾಡಿಕೆ. ಆ ಗುಂಪಿನಲ್ಲಿಯೇ ಮೇದಸ್ಸಿನ ಯಕೃತ್ತಿನವರು ಸೇರಿಕೊಂಡಿದ್ದರೆ ಮಿತಿಯೂ ಮೇಲಕ್ಕೆ ಹೋಗುತ್ತದೆ. ನಮ್ಮ ಪ್ರಯೋಗಾಲಯಗಳ ಹಾಳೆಗಳಲ್ಲಿ ಎಸ್.ಜಿ.ಪಿ.ಟಿ.ಯ ಮೇಲ್ಮಿತಿ 40, 45, ಕೆಲವೊಮ್ಮೆ 50 ಎಂದೂ ಇರುವುದನ್ನು ಕಾಣುತ್ತೇವೆ. ಆದರೆ ಅಮೆರಿಕದ ಜಠರರೋಗ ತಜ್ಞರ ಸಂಸ್ಥೆಯೊಂದು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ನಿಜವಾದ ಆರೋಗ್ಯದ ಮೇಲ್ಮಿತಿಯು ಪುರುಷರಿಗೆ 29ರಿಂದ 33, ಸ್ತ್ರೀಯರಿಗೆ 19ರಿಂದ 25 ಎಂದು ಹೇಳಿತು. ಹೀಗಿರುವಾಗ 38 ಅಂಕಿ ಬಂದ ಗೃಹಿಣಿಯೊಬ್ಬಳು ನಕ್ಷತ್ರವಿಲ್ಲವೆಂದು ನಿಶ್ಚಿಂತಳಾಗುವುದು ಎಷ್ಟು ಸರಿ? 48 ಬಂದ ಯುವಕನು ಆ ಹೊತ್ತಿಗೇ ಜೀವದ ಆಸೆ ಬಿಡುವುದು ಎಷ್ಟು ಸರಿ? ಒಂದೇ ಅಂಕಿಯನ್ನು ಒಂದೇ ದಿನ ನೋಡಿ ತೀರ್ಪು ಕೊಡುವುದು ಎರಡೂ ಕಡೆ ತಪ್ಪು.

ಬ್ಯಾಂಕಿನಲ್ಲಿ ಸಾಲದ ಕಂತು ತೊಂಬತ್ತು ದಿನಗಳಿಗೂ ಮೀರಿ ಬಾಕಿಯಾದರೆ ಅದು ಅನುತ್ಪಾದಕ ಸಾಲವಾಗುತ್ತದೆ. ಅದಕ್ಕೆ ಮೊದಲೇ, ಮೂವತ್ತು ದಿನ, ಅರವತ್ತು ದಿನಗಳ ಹಂತದಲ್ಲಿ, ಅದನ್ನು ವಿಶೇಷ ಗಮನದ ಖಾತೆಯೆಂದು ಗುರುತಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಹಂತದಲ್ಲಿ ಸಾಲಗಾರನನ್ನು ಕಂಡು ಮಾತನಾಡಿದರೆ ಖಾತೆ ಉಳಿಯುತ್ತದೆ. ಏರಿದ ಕಿಣ್ವವು ಇಂತಹ ವಿಶೇಷ ಗಮನದ ಖಾತೆ. ಅದು ದಿವಾಳಿಯ ಘೋಷಣೆಯಲ್ಲ. ಆದರೆ ಕಡತದಲ್ಲಿಟ್ಟು ಮರೆಯತಕ್ಕದ್ದೂ ಅಲ್ಲ.

ಹೈದರಾಬಾದಿನ ಎಚ್ಚರಿಕೆಯ ಗಂಟೆ

ಈ ಮಾತು ನಮ್ಮ ಊರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಯ ಎ.ಐ.ಜಿ. ಆಸ್ಪತ್ರೆಯ ವೈದ್ಯರೊಡನೆ ಸೇರಿ ಮಾಹಿತಿ ತಂತ್ರಜ್ಞಾನ ಕ್ಷೇತ್ರದ 345 ನೌಕರರನ್ನು ಪರೀಕ್ಷಿಸಿ, ಫಲಿತಾಂಶವನ್ನು 2025ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇಕಡ 84ರಷ್ಟು ಮಂದಿಯ ಯಕೃತ್ತಿನಲ್ಲಿ ಮೇದಸ್ಸು ಸೇರಿತ್ತು. ಶೇಕಡ 71ರಷ್ಟು ಮಂದಿ ಸ್ಥೂಲಕಾಯರು. ಸಂಸತ್ತಿನಲ್ಲಿಯೂ ಈ ಅಧ್ಯಯನದ ಪ್ರಸ್ತಾಪವಾಯಿತು. 345 ಮಂದಿ ಇಡೀ ನಗರವಲ್ಲ, ಅವರೆಲ್ಲ ಒಂದೇ ಬಗೆಯ ಉದ್ಯೋಗದವರು ಎಂಬುದನ್ನು ಲೆಕ್ಕಿಗನಾಗಿ ನಾನು ಮರೆಯಲಾರೆ. ಆದರೆ ಬೇರೆ ಲೆಕ್ಕಗಳೂ ನೆಮ್ಮದಿ ಕೊಡುವಂತಿಲ್ಲ. ದೇಶದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯು ವಯಸ್ಕರಲ್ಲಿ ಶೇಕಡ 38ಕ್ಕೂ ಮೇಲ್ಪಟ್ಟು ಮಂದಿಗೆ ಮದ್ಯಪಾನಕ್ಕೆ ಸಂಬಂಧಿಸದ ಮೇದಸ್ಸಿನ ಯಕೃತ್ತು ಇದೆಯೆಂದು ತೋರಿಸಿತು. ಭಾರತ ಸರ್ಕಾರವು 2021ರ ಫೆಬ್ರುವರಿಯಲ್ಲಿಯೇ ಈ ರೋಗವನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿತು.

ಗಚ್ಚಿಬೌಲಿಯ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳ ದಿನಚರಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹತ್ತು ಗಂಟೆ ಕುರ್ಚಿ, ರಾತ್ರಿ ಪಾಳಿ, ನಡುವೆ ಸಕ್ಕರೆ ತುಂಬಿದ ಇರಾನಿ ಚಹ, ಅದರೊಡನೆ ಉಸ್ಮಾನಿಯಾ ಬಿಸ್ಕತ್ತು, ರಾತ್ರಿ ಹನ್ನೊಂದಕ್ಕೆ ಮನೆಬಾಗಿಲಿಗೆ ಬರುವ ಬಿರಿಯಾನಿ. ಬ್ಯಾಂಕಿನವರಾದ ನಾವೂ ಇದಕ್ಕೆ ಹೊರತಲ್ಲ. ಜೋಳದ ರೊಟ್ಟಿ ತಿಂದು ಹೊಲಕ್ಕೆ ನಡೆದ ನಮ್ಮ ಅಜ್ಜಂದಿರ ಮೈಕಟ್ಟು ನಮ್ಮದಲ್ಲ. ಹಸಿವು ಮಾತ್ರ ಅವರದೇ ಉಳಿದಿದೆ. ಹೊಟ್ಟೆಯ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಭಾರತೀಯರು ಎಚ್ಚರಗೊಳ್ಳಬೇಕೆನ್ನುತ್ತಾರೆ. ಇದಕ್ಕೆ ಪ್ರಯೋಗಾಲಯ ಬೇಡ. ಮನೆಯ ಹೊಲಿಗೆಯ ಅಳತೆಪಟ್ಟಿ ಸಾಕು.

ಬೇರೆ ಕಾರಣಗಳು

ಮೇದಸ್ಸೊಂದೇ ಕಾರಣವೆಂದು ತಿಳಿಯಬಾರದು. ನಮ್ಮ ಊರು 2005ರಲ್ಲಿ ಹೆಪಟೈಟಿಸ್ ಇ ಎಂಬ ಕಾಮಾಲೆಯ ಹಾವಳಿಯನ್ನು ಕಂಡಿದೆ. ಕುಡಿಯುವ ನೀರಿಗೆ ಚರಂಡಿಯ ನೀರು ಸೇರಿದಾಗ ಬರುವ ರೋಗವದು. ಗರ್ಭಿಣಿಯರಿಗೆ ಅತ್ಯಂತ ಅಪಾಯಕಾರಿ. ಇಂತಹ ಹಠಾತ್ ಉರಿಯೂತದಲ್ಲಿ ಕಿಣ್ವಗಳು ಸಾವಿರವನ್ನೂ ದಾಟಬಲ್ಲವು.

ಹೆಪಟೈಟಿಸ್ ಬಿ ಇದಕ್ಕಿಂತ ಕಪಟಿ. ಅದು ವರ್ಷಗಟ್ಟಲೆ ಸದ್ದಿಲ್ಲದೆ ರಕ್ತದಲ್ಲಿ ಕುಳಿತಿರುತ್ತದೆ. ಅದಕ್ಕೆ ಲಸಿಕೆ ಉಂಟು. ವಿದೇಶದ ದುಬಾರಿ ಲಸಿಕೆಯ ಬದಲು ಅಗ್ಗದ ದೇಶೀ ಲಸಿಕೆಯನ್ನು 1997ರಲ್ಲಿ ಹೊರತಂದದ್ದು ನಮ್ಮ ಹೈದರಾಬಾದಿನದೇ ಆದ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ. ವರಪ್ರಸಾದ ರೆಡ್ಡಿಯವರ ಆ ಸಾಹಸವನ್ನು ಈ ಊರಿನವರಾದ ನಾವು ಹೆಮ್ಮೆಯಿಂದ ನೆನೆಯಬೇಕು. ಸರ್ಕಾರದ ಮಕ್ಕಳ ಲಸಿಕೆ ಕಾರ್ಯಕ್ರಮಕ್ಕೆ ಇದು 2002ರಲ್ಲಿ ಪ್ರಾಯೋಗಿಕವಾಗಿ ಬಂದು, ಆಮೇಲೆ ದೇಶಕ್ಕೆಲ್ಲ ವಿಸ್ತರಿಸಿತು. ಇದರ ಅರ್ಥವನ್ನು ಗಮನಿಸಿರಿ: ಇಂದು ನಲವತ್ತು ದಾಟಿದ ನಮ್ಮಲ್ಲಿ ಬಹುತೇಕರಿಗೆ ಬಾಲ್ಯದಲ್ಲಿ ಈ ಲಸಿಕೆ ದೊರೆತಿಲ್ಲ. ಕಿಣ್ವ ಏರಿದ್ದರೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಮಾಡಿಸದೆ "ಬರಿಯ ಕೊಬ್ಬು" ಎಂದು ತೀರ್ಮಾನಿಸಬಾರದು. ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು 2018ರ ಜುಲೈ 28ರಂದು ಆರಂಭವಾಗಿದ್ದು, ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಚಿಕಿತ್ಸೆಗಳು ಉಚಿತವಾಗಿ ದೊರೆಯುತ್ತವೆ.

ಮೂರನೆಯದು ಔಷಧ. ಕ್ಷಯರೋಗದ ಮಾತ್ರೆಗಳು, ಕೆಲವು ಜೀವಿರೋಧಕಗಳು, ಮಿತಿ ಮೀರಿದ ಪ್ಯಾರಾಸಿಟಮಾಲ್ ಇವು ಯಕೃತ್ತಿಗೆ ತೊಂದರೆ ಕೊಡಬಲ್ಲವು. ಹಾಗೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು.

ಇಲ್ಲಿ ಕಷಾಯದ ಮಾತನ್ನೂ ಆಡಬೇಕಾಗಿದೆ, ಕೆಲವರಿಗೆ ಬೇಸರವಾದೀತು. ಕಾಮಾಲೆಗೆ ನೆಲನೆಲ್ಲಿ ಕೊಡುವುದು ನಮ್ಮಲ್ಲಿ ಅನೂಚಾನವಾಗಿ ಬಂದ ಪದ್ಧತಿ. ಮದ್ರಾಸಿನ ತ್ಯಾಗರಾಜನ್ ಮತ್ತು ಹೆಪಟೈಟಿಸ್ ಬಿ ವೈರಾಣುವನ್ನು ಕಂಡುಹಿಡಿದ ಬ್ಲಂಬರ್ಗ್ ಅವರು 1988ರಲ್ಲಿ ಅದರ ಬಗ್ಗೆ ಆಶಾದಾಯಕ ವರದಿಯನ್ನೇ ಕೊಟ್ಟರು. ಆದರೆ ನಂತರ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಸಿದ್ಧವಾಗಲಿಲ್ಲ. ಹೆಪಟೈಟಿಸ್ ಎ ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆ ಅವಧಿಯಲ್ಲಿ ಔಷಧ ಕೊಟ್ಟವನಿಗೂ, ಮುಂಗೈಗೆ ಬರೆ ಹಾಕಿದವನಿಗೂ ಕೀರ್ತಿ ಸಲ್ಲುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಕುಡಿದ ಅಮೃತಬಳ್ಳಿಯ ವಿಷಯದಲ್ಲಿ 2021ರಲ್ಲಿ ಮುಂಬಯಿಯ ವೈದ್ಯರೂ, 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು 43 ರೋಗಿಗಳನ್ನು ಕುರಿತೂ ಯಕೃತ್ತಿನ ಹಾನಿಯನ್ನು ವರದಿ ಮಾಡಿದರು. ಆಯುಷ್ ಸಚಿವಾಲಯವು ಮೊದಲಿನ ವರದಿಯನ್ನು ಆಗಲೇ ಆಕ್ಷೇಪಿಸಿತು. ವಾದ ಏನೇ ಇರಲಿ, ಏರಿದ ಕಿಣ್ವವಿರುವಾಗ ಯಾವ ಪುಡಿ, ಯಾವ ಬೇರು ಸೇವಿಸುತ್ತಿದ್ದೇವೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ಗಿಡದ್ದು ಎಂದ ಮಾತ್ರಕ್ಕೆ ನಿರುಪದ್ರವಿಯಲ್ಲ; ದತ್ತೂರಿಯೂ ಗಿಡವೇ.

ಮದ್ಯಪಾನದ ಮಾತನ್ನು ಕೊನೆಗಿಟ್ಟದ್ದು ಉದ್ದೇಶಪೂರ್ವಕವಾಗಿಯೇ. ಎಸ್.ಜಿ.ಓ.ಟಿ. ಅಂಕಿಯು ಎಸ್.ಜಿ.ಪಿ.ಟಿ.ಯ ಎರಡರಷ್ಟು ಅಥವಾ ಅದಕ್ಕೂ ಹೆಚ್ಚಿದ್ದರೆ ವೈದ್ಯರಿಗೆ ಮದ್ಯದ ಅನುಮಾನ ಬರುತ್ತದೆ. ಕುಡಿಯುವವರು ಅದನ್ನು ವೈದ್ಯರ ಮುಂದೆ ಒಪ್ಪಿಕೊಳ್ಳಲೇಬೇಕು, ನಿಲ್ಲಿಸಲೂಬೇಕು. ಆದರೆ ಯಕೃತ್ತಿನ ರೋಗಿಗಳೆಲ್ಲ ಕುಡುಕರೆಂಬ ನಮ್ಮ ಸಮಾಜದ ತೀರ್ಪು ಎರಡು ಅನ್ಯಾಯಗಳನ್ನು ಮಾಡುತ್ತಿದೆ. ಕುಡಿಯುವವನು ನಾಚಿಕೆಯಿಂದ ಮುಚ್ಚಿಡುತ್ತಾನೆ. ಕುಡಿಯದವನು "ನನಗೇಕೆ ಬಂದೀತು" ಎಂದು ಉದಾಸೀನನಾಗುತ್ತಾನೆ. ಇನ್ನು ಸತ್ತವನ ಮಗನು ಅಪ್ಪನ ಚಾರಿತ್ರ್ಯಕ್ಕೆ ಪರಕೀಯರಲ್ಲಿ ಸಾಕ್ಷ್ಯ ಬೇಡುತ್ತಾನೆ.

ಒಂದು ಸರಳ ಗಣಿತ

ನನ್ನ ವೈದ್ಯರು ಮಾಡಿದ್ದೇನು? ಮೊದಲು ಅರ್ಧ ಗಂಟೆ ಕೂರಿಸಿ ಪ್ರಶ್ನೆ ಕೇಳಿದರು: ಮದ್ಯ, ಮಾತ್ರೆ, ಪುಡಿ, ತೂಕ, ಸಕ್ಕರೆ, ಮನೆತನದ ರೋಗ. ಹೆಪಟೈಟಿಸ್ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಮೇದಸ್ಸು ಕಂಡಿತು. ಬಳಿಕ ಕಾಗದದ ಮೇಲೆ ಒಂದು ಲೆಕ್ಕ ಹಾಕಿದರು. 2006ರಲ್ಲಿ ರೂಪುಗೊಂಡ ಫಿಬ್-4 ಎಂಬ ಸೂತ್ರವದು. ವಯಸ್ಸನ್ನು ಎಸ್.ಜಿ.ಓ.ಟಿ.ಯಿಂದ ಗುಣಿಸಬೇಕು. ಬಂದದ್ದನ್ನು, ಸಾವಿರಗಳಲ್ಲಿ ಹೇಳಿದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್.ಜಿ.ಪಿ.ಟಿ.ಯ ವರ್ಗಮೂಲದಿಂದ ಗುಣಿಸಿದ ಮೊತ್ತದಿಂದ ಭಾಗಿಸಬೇಕು. ನನ್ನ ವಯಸ್ಸು 46, ಎಸ್.ಜಿ.ಓ.ಟಿ. 52, ಗುಣಲಬ್ಧ 2392. ಪ್ಲೇಟ್‌ಲೆಟ್ ಎರಡು ಲಕ್ಷದ ಹತ್ತು ಸಾವಿರ, ಅಂದರೆ 210, 81ರ ವರ್ಗಮೂಲ 9, ಗುಣಲಬ್ಧ 1890. ಭಾಗಿಸಿದರೆ 1.27. ಇದು 1.3ಕ್ಕಿಂತ ಕಡಿಮೆಯಿದ್ದರೆ ಯಕೃತ್ತು ಗಟ್ಟಿಯಾಗಿರುವ ಸಂಭವ ಕಡಿಮೆ, 2.67 ಮೀರಿದರೆ ಹೆಚ್ಚು. ನಡುವೆ ಇದ್ದರೆ ಫೈಬ್ರೋಸ್ಕ್ಯಾನ್ ಮೊದಲಾದ ಮುಂದಿನ ಪರೀಕ್ಷೆ ಬೇಕು. ಅರವತ್ತೈದು ದಾಟಿದವರಲ್ಲಿ ಕೆಳಮಿತಿಯನ್ನು 2 ಎಂದು ಇಟ್ಟುಕೊಳ್ಳುವರು. ಮೂವತ್ತೈದರೊಳಗಿನವರಲ್ಲಿ ಈ ಸೂತ್ರ ಅಷ್ಟು ನೆಚ್ಚತಕ್ಕದ್ದಲ್ಲ.

ಆ ರಾತ್ರಿ ಮನೆಗೆ ಬಂದು ನಾನು ಮಾಡಿದ ಕೆಲಸವೆಂದರೆ, ನೆನಪಿನಲ್ಲಿದ್ದ ಅಂಕಿಗಳಿಂದ ಆ ಸಹೋದ್ಯೋಗಿಯ ಲೆಕ್ಕವನ್ನು ಹಾಕಲು ಯತ್ನಿಸಿದ್ದು. ಎಲ್ಲ ಅಂಕಿಗಳೂ ನೆನಪಿರಲಿಲ್ಲ. ಆದರೆ ಬೇಕಾಗಿದ್ದ ನಾಲ್ಕೂ ಅಂಕಿಗಳು ನಾನು ಪಾಸು ಮಾಡಿದ ಆ ಕಾಗದಗಳಲ್ಲಿಯೇ ಇದ್ದವು. ಮತ್ತೊಂದು ರೂಪಾಯಿ ಖರ್ಚಿಲ್ಲದೆ, ಯಾರಾದರೂ ಎರಡು ನಿಮಿಷ ಕೂತು ಲೆಕ್ಕ ಹಾಕಬಹುದಾಗಿತ್ತು.

ಚಿಕಿತ್ಸೆಯೆಂದು ನನಗೆ ದೊರೆತದ್ದು ಮಾತ್ರೆಯಲ್ಲ, ಗುರಿ. ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿಸಿದರೆ ಮೇದಸ್ಸು ಕರಗಲಾರಂಭಿಸುತ್ತದೆ. ಏಳರಿಂದ ಹತ್ತು ಪಾಲು ಇಳಿಸಿದರೆ ಉರಿಯೂತವೂ ಶಮನವಾಗುತ್ತದೆ. ನನ್ನದು 78 ಕಿಲೋ. ಎಂಟು ತಿಂಗಳಲ್ಲಿ ಐದೂವರೆ ಕಿಲೋ ಇಳಿಯಿತು. ಇಂದಿರಾ ಪಾರ್ಕಿನಲ್ಲಿ ಮುಂಜಾನೆಯ ನಡಿಗೆ, ರಾತ್ರಿ ಎಂಟರೊಳಗೆ ಎರಡು ಜೋಳದ ರೊಟ್ಟಿ, ಪಲ್ಯ. ಸಿಹಿಗೆ ವಾರಕ್ಕೊಮ್ಮೆ ಮಾತ್ರ ಅವಕಾಶ. ಕಾಫಿ ಮಾತ್ರ ಬಿಡಬೇಕಾಗಲಿಲ್ಲ. ಅದು ಯಕೃತ್ತಿಗೆ ಹಿತವೆಂದೇ ಅನೇಕ ಅಧ್ಯಯನಗಳು ಸೂಚಿಸುತ್ತವೆಂದು ತಿಳಿದು ನನ್ನ ಪತ್ನಿಗೆ ಸಂತೋಷವಾಯಿತು. ಸಕ್ಕರೆ ಇಲ್ಲದಿರಬೇಕೆಂದು ತಿಳಿದು ನನಗೆ ದುಃಖವಾಯಿತು. ಮೊನ್ನೆಯ ವರದಿಯಲ್ಲಿ ಎಸ್.ಜಿ.ಪಿ.ಟಿ. 38. ನಕ್ಷತ್ರ ಮಾಯವಾಗಿದೆ, ಆದರೆ ಮೇಲೆ ಹೇಳಿದ ಕಟ್ಟುನಿಟ್ಟಿನ ಮಿತಿಗೆ ಇನ್ನೂ ದಾರಿಯುಂಟು.

ಸಂಘಕ್ಕೊಂದು ಬಿನ್ನಹ

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮಲ್ಲಿ ಪರೀಕ್ಷೆಗಳಿಗೆ ಕೊರತೆಯಿಲ್ಲ. ಹಬ್ಬದ ಬಟ್ಟೆಯಂತೆ ರಿಯಾಯತಿ ದರದಲ್ಲಿ ಎಂಬತ್ತು ತೊಂಬತ್ತು ಬಗೆಯ ಪರೀಕ್ಷೆಗಳ ಕಟ್ಟು ಮನೆಬಾಗಿಲಿಗೆ ಬರುತ್ತದೆ. ಕೊರತೆಯಿರುವುದು ವರದಿಯನ್ನು ಓದಿ ಹೇಳುವವರಿಗೆ. ಓದುವವರಿಲ್ಲದ ಪರೀಕ್ಷೆ ಹೆದರಿಕೆಯನ್ನೋ ಉದಾಸೀನವನ್ನೋ ಹುಟ್ಟಿಸುತ್ತದೆಯೇ ಹೊರತು ಆರೋಗ್ಯವನ್ನಲ್ಲ.

"ಹೆಚ್ಚು ಪರೀಕ್ಷೆ ಮಾಡಿಸಿದಷ್ಟೂ ರೋಗ ಬೇಗ ಸಿಕ್ಕುತ್ತದಲ್ಲವೇ?" ಎಂದು ಕೆಲವರು ಕೇಳುವರು. ನನ್ನ ಸಹೋದ್ಯೋಗಿಯ ರೋಗ ಬೇಗನೆ ಸಿಕ್ಕಿತ್ತು. ಮೂರು ಬಾರಿ ಸಿಕ್ಕಿತ್ತು. ಸಿಕ್ಕಿದ್ದನ್ನು ಎತ್ತಿಕೊಳ್ಳುವವರಿರಲಿಲ್ಲ ಅಷ್ಟೆ. ಈ ಮಾತಿನಲ್ಲಿ ಯಾವ ಪ್ರಯೋಗಾಲಯವನ್ನೂ ನಾನು ದೂರುತ್ತಿಲ್ಲ. ಅವರು ಅಳೆದರು, ಬರೆದರು, ಚಿಹ್ನೆಯನ್ನೂ ಹಾಕಿದರು.

ಆದುದರಿಂದ ನಮ್ಮ ಸಂಘದ ವಾರ್ಷಿಕ ಆರೋಗ್ಯ ಶಿಬಿರವನ್ನು ಒಂದು ದಿನದ್ದಲ್ಲ, ಎರಡು ದಿನಗಳದ್ದಾಗಿ ಮಾಡಬೇಕೆಂದು ನನ್ನ ವಿನಂತಿ. ಮೊದಲ ಭಾನುವಾರ ರಕ್ತ ತೆಗೆಯುವುದು. ಎರಡು ವಾರಗಳ ನಂತರದ ಭಾನುವಾರ ವೈದ್ಯರನ್ನು ಕೂರಿಸಿ ಪ್ರತಿಯೊಬ್ಬರಿಗೂ ಹತ್ತು ನಿಮಿಷ ವರದಿಯನ್ನು ಕನ್ನಡದಲ್ಲಿ ವಿವರಿಸುವುದು. ಎರಡನೆಯ ದಿನಕ್ಕೆ ಹಣ ಸಾಲದಿದ್ದರೆ ಮೊದಲ ದಿನದ ಪರೀಕ್ಷೆಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೂ ನಷ್ಟವಿಲ್ಲ. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಲಸಿಕೆಯನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು.

ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳಿಂದ ಇಂದಿಗೂ ಎಷ್ಟೋ ರೋಗಿಗಳು ಉಸ್ಮಾನಿಯಾ ಆಸ್ಪತ್ರೆಗೂ ನಿಮ್ಸ್‌ಗೂ ಬರುತ್ತಾರೆ. ವರದಿ ಇಂಗ್ಲಿಷಿನಲ್ಲಿ, ಮಾತು ತೆಲುಗಿನಲ್ಲಿ ಅಥವಾ ಉರ್ದುವಿನಲ್ಲಿ. ಪಕ್ಕದಲ್ಲಿ ನಿಂತ ಮುದುಕಿಗೆ ಯಾವುದೂ ತಿಳಿಯದು. ನಮ್ಮಲ್ಲಿ ನಿವೃತ್ತರಾದವರು ವಾರಕ್ಕೆ ಎರಡು ಗಂಟೆ ಅಂಥವರ ಜೊತೆಗೆ ಕುಳಿತು ವೈದ್ಯರ ಮಾತನ್ನು ಕನ್ನಡದಲ್ಲಿ ಹೇಳಿದರೆ, ರಾಜ್ಯೋತ್ಸವದ ಭಾಷಣಕ್ಕಿಂತ ದೊಡ್ಡ ಭಾಷಾಸೇವೆ ಅದಾಗುವುದೆಂದು ನನ್ನ ನಂಬಿಕೆ.

ಇನ್ನು ನಮ್ಮ ಸಮಾರಂಭಗಳ ಊಟ. ಭಾಷಣಗಳು ಮುಗಿದು ರಾತ್ರಿ ಹತ್ತಕ್ಕೆ ಹೋಳಿಗೆ, ಅದರ ಮೇಲೆ ತುಪ್ಪ, ಮತ್ತೆ ಜಿಲೇಬಿ. ಹೋಳಿಗೆಯನ್ನು ಬಿಡಬೇಕೆಂದು ನಾನು ಹೇಳಿದರೆ ಮುಂದಿನ ಚುನಾವಣೆಯಲ್ಲಿ ನನಗೆ ಒಂದು ಮತವೂ ಬೀಳಲಾರದು! ಬಡಿಸುವ ಹೊತ್ತನ್ನು ಎಂಟಕ್ಕೆ ತಂದು, ಸಿಹಿಯನ್ನು ಒಂದಕ್ಕೆ ನಿಲ್ಲಿಸಬಹುದಲ್ಲವೇ? ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆ ನಮ್ಮದೇ.

ಕಡೆಯದಾಗಿ ವಾಚಕರಲ್ಲಿ ಒಂದು ಪ್ರಾರ್ಥನೆ. ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಬೀರುವಿನಲ್ಲಿರುವ ಹಳೆಯ ವರದಿಗಳ ಕಡತವನ್ನು ತೆಗೆಯಿರಿ. ನಿಮ್ಮದನ್ನು ಮಾತ್ರವಲ್ಲ, ನಿಮ್ಮ ಪತ್ನಿಯದನ್ನೂ, ಊರಿನಿಂದ ಬಂದಿರುವ ತಂದೆತಾಯಿಗಳದನ್ನೂ ನೋಡಿರಿ. ಎರಡು ವರ್ಷ ಅದೇ ಸಾಲಿನಲ್ಲಿ ಅದೇ ನಕ್ಷತ್ರ ಕಂಡರೆ ಆ ಕಾಗದವನ್ನು ಒಬ್ಬ ವೈದ್ಯರ ಮೇಜಿನ ಮೇಲೆ ಇಡಿರಿ. ನಾನು ಮೂರು ಬಾರಿ ಸಹಿ ಹಾಕಿ ಕಡತಕ್ಕೆ ಸೇರಿಸಿದ ಕಾಗದವೂ ಅಂತಹುದೇ ಆಗಿತ್ತು.